ಚಪ್ಪಟೆ ಲೋಕವನ್ನು ಚೆಂಡಿಗೆ ಸುತ್ತೋದು ಹೇಗೆ?

ಇವತ್ತಿನ ಸಂಚಿಕೆ ಕಾಲ್ಪನಿಕ ಲೋಕ ಕಟ್ಟುವವರಿಗೆ. ಫ್ಯಾಂಟಸಿ ಕಾದಂಬರಿ ಬರೆಯೋರು, ಗೇಮ್ ಮಾಡೋರು, ಲೆಕ್ಚರ್ ನಡೀತಿರುವಾಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದ್ವೀಪ, ಬೆಟ್ಟ, ಕೋಟೆ ಬರೆಯೋರು, ಇವರೆಲ್ಲರ ಹತ್ರ ಒಂದು ಮ್ಯಾಪ್ ಇದ್ದೇ ಇರುತ್ತೆ. ಆ ಮ್ಯಾಪು ಗಿರ್ರಂತ ತಿರುಗೋ ಗ್ಲೋಬ್ ಆಗಬೇಕು, ಹತ್ತು ಸೆಕೆಂಡಿನ ವಿಡಿಯೋ ಆಗಿ ಫೋನಲ್ಲಿ ಓಡಬೇಕು ಅನ್ನೋ ಆಸೆಯೂ ಇರುತ್ತೆ.

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಬಟನ್ ಒತ್ತೋ ಕೆಲಸ ಹತ್ತು ನಿಮಿಷದ್ದು. ತೊಂದರೆ ಬರೋದು ಆಮೇಲೆ. ಗ್ಲೋಬ್ ತಿರುಗುತ್ತೆ, ಆದರೆ ಉತ್ತರ ತುದಿಯಲ್ಲಿ ನಿಮ್ಮ ಬೆಟ್ಟಗಳೆಲ್ಲ ಲುಂಗಿ ಗಂಟು ಹಾಕಿದ ಹಾಗೆ ಒಂದೇ ಬಿಂದುವಿಗೆ ಮುದುಡಿಕೊಂಡಿರುತ್ತವೆ. ಹಿಂದುಗಡೆ ಮೇಲಿಂದ ಕೆಳಗೆ ಒಂದು ಹೊಲಿಗೆ ಕಾಣುತ್ತೆ, ಅಲ್ಲಿ ಸಮುದ್ರ ಪಟ್ಟಂತ ನಿಂತು ನೆಲ ಶುರುವಾಗುತ್ತೆ. ಇವೆರಡೂ ಕಣ್ಣಿಗೆ ಕಾಣೋ ಸಮಸ್ಯೆಗಳು. ಕಣ್ಣಿಗೆ ಕಾಣದ ಮೂರನೇದೊಂದಿದೆ: ನಿಮ್ಮ ಕಥೆಯ ದೂರಗಳೇ ಸುಳ್ಳಾಗಿರುತ್ತವೆ. ನಾನು ಹೆಚ್ಚು ಮಾತಾಡಬೇಕು ಅಂದ್ಕೊಂಡಿರೋದು ಆ ಮೂರನೇದರ ಬಗ್ಗೆ.

ಅಡುಗೆಮನೆಯಲ್ಲೇ ನೋಡಿ. ಲಟ್ಟಿಸಿದ ಹಸಿ ಚಪಾತಿಯನ್ನ ಒಂದು ಕ್ರಿಕೆಟ್ ಚೆಂಡಿಗೆ ಸುತ್ತಿ. ನಡುವೆ ಚೆನ್ನಾಗಿ ಕೂರುತ್ತೆ, ಅಂಚಿಗೆ ಬಂದ ಹಾಗೆ ನೆರಿಗೆ ಬೀಳುತ್ತೆ. ನೆರಿಗೆ ಬೇಡ ಅಂದ್ರೆ ಒಂದು ಕಡೆ ಎಳೀಬೇಕು, ಇಲ್ಲ ಒಂದು ಕಡೆ ಕತ್ತರಿಸಬೇಕು. ಉಲ್ಟಾ ಮಾಡಿದರೂ ಅಷ್ಟೇ, ಕಿತ್ತಳೆ ಸಿಪ್ಪೆಯನ್ನ ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡೋಕೆ ಹೋದರೆ ಹರಿಯುತ್ತೆ. ಇದು ನಿಮ್ಮ ಕೈಚಳಕದ ಕೊರತೆ ಅಲ್ಲ. ಗೋಳವನ್ನ ಎಳೆಯದೆ, ಹರಿಯದೆ ಚಪ್ಪಟೆ ಮಾಡೋಕೆ ಯಾರಿಂದಲೂ ಆಗಲ್ಲ ಅನ್ನೋದನ್ನ ಜರ್ಮನಿಯ ಗಣಿತಜ್ಞ ಗೌಸ್ 1820ರ ದಶಕದಲ್ಲೇ ಸಾಧಿಸಿ ತೋರಿಸಿದ. ಹಾಗಾಗಿ ಭೂಮಿಯ ಪ್ರತಿಯೊಂದು ಚಪ್ಪಟೆ ಮ್ಯಾಪೂ ಎಲ್ಲೋ ಒಂದು ಕಡೆ ಸುಳ್ಳು ಹೇಳುತ್ತೆ. ಎಲ್ಲಿ ಹೇಳಬೇಕು ಅಂತ ಮ್ಯಾಪ್ ಮಾಡಿದವರು ಆರಿಸಿಕೊಂಡಿರ್ತಾರೆ, ಅಷ್ಟೇ. ಆ ಆಯ್ಕೆಯ ಹೆಸರೇ ಪ್ರೊಜೆಕ್ಷನ್.

ನಾವು ಶಾಲೆಯಲ್ಲಿ ನೋಡಿದ ಎಷ್ಟೋ ಗೋಡೆ ಮ್ಯಾಪುಗಳು 1569ರ ಮರ್ಕೇಟರ್ ಪ್ರೊಜೆಕ್ಷನ್‌ನವು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ನಮ್ಮ ಭಾರತವೇ ಗ್ರೀನ್‌ಲ್ಯಾಂಡ್‌ಗಿಂತ ಒಂದೂವರೆ ಪಟ್ಟು ದೊಡ್ಡದು, ಮ್ಯಾಪ್ ನೋಡಿದರೆ ನಂಬೋಕೇ ಆಗಲ್ಲ.

ಗ್ಲೋಬ್ ಮಾಡೋ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಕೇಳೋದು ಬೇರೆ ಪ್ರೊಜೆಕ್ಷನ್. ಇಕ್ವಿರೆಕ್ಟ್ಯಾಂಗ್ಯುಲರ್ ಅಂತ ನಾಲಿಗೆ ಹೊರಳದ ಹೆಸರು, ನಾವು ‘ಎರಡಕ್ಕೊಂದು ಮ್ಯಾಪ್’ ಅನ್ನೋಣ. ಅಗಲ 360 ಡಿಗ್ರಿ, ಎತ್ತರ 180 ಡಿಗ್ರಿ, ಹಾಗಾಗಿ ಅಗಲ ಎತ್ತರದ ಎರಡರಷ್ಟು. 4096 ಪಿಕ್ಸೆಲ್ ಅಗಲ ಇದ್ರೆ 2048 ಎತ್ತರ. ಇದರಲ್ಲಿ ಪ್ರತಿ ಅಡ್ಡಸಾಲೂ ಒಂದು ಅಕ್ಷಾಂಶ. ನಡುವಿನ ಸಾಲು ಸಮಭಾಜಕ ವೃತ್ತ, ಎಲ್ಲಕ್ಕಿಂತ ಮೇಲಿನ ಸಾಲು ಉತ್ತರ ಧ್ರುವ. ಧ್ರುವ ಅನ್ನೋದು ಒಂದು ಚುಕ್ಕಿ, ಆದರೆ ಮ್ಯಾಪಿನಲ್ಲಿ ಅದಕ್ಕೂ 4096 ಪಿಕ್ಸೆಲ್! ಲುಂಗಿ ಗಂಟು ಬೀಳೋದು ಇದಕ್ಕೇ.

ಎಷ್ಟು ಕುಗ್ಗುತ್ತೆ ಅನ್ನೋದಕ್ಕೆ ಒಂದೇ ಸೂತ್ರ: ಅಕ್ಷಾಂಶದ ಕಾಸ್. ಬಿ.ಕಾಂ ಮಾಡಿದ ನನಗೆ ಕಾಸ್ ಅಂದ್ರೆ ಜೇಬಲ್ಲಿರೋ ಕಾಸೇ ನೆನಪಾಗೋದು, ಆದ್ರೆ ಇದು ತ್ರಿಕೋನಮಿತಿಯದು, ಫೋನಿನ ಕ್ಯಾಲ್ಕುಲೇಟರಲ್ಲೇ ಇದೆ. ಬೆಂಗಳೂರು ಇರೋದು 13 ಡಿಗ್ರಿ ಉತ್ತರದಲ್ಲಿ, ಅಲ್ಲಿ ಕಾಸ್ 0.97. ಅಂದ್ರೆ ಮ್ಯಾಪ್ ಹೆಚ್ಚುಕಡಿಮೆ ನಿಜ ಹೇಳ್ತಾ ಇದೆ. 60 ಡಿಗ್ರಿಯಲ್ಲಿ ಅದು ಅರ್ಧ. 75ರಲ್ಲಿ ಕಾಲು ಭಾಗದಷ್ಟು.

ಈಗ ನಿಮ್ಮ ಲೋಕಕ್ಕೆ ಬನ್ನಿ. ಮ್ಯಾಪಿನ ಮೇಲಂಚಿನ ಹತ್ತಿರ, 75 ಡಿಗ್ರಿಯಲ್ಲಿ, ಹಿಮದಹಳ್ಳಿ ಅಂತ ಒಂದು ರಾಜ್ಯ ಇದೆ ಅಂದ್ಕೊಳ್ಳಿ. ಮ್ಯಾಪಿನ ಅಗಲದ ಕಾಲು ಭಾಗ ಹಬ್ಬಿದೆ. ನಿಮ್ಮ ಗ್ರಹ ಭೂಮಿಯಷ್ಟೇ ದೊಡ್ಡದಾದರೆ ಸುತ್ತಳತೆ 40,000 ಕಿ.ಮೀ., ಹಾಗಾದರೆ ಹಿಮದಹಳ್ಳಿಯ ಒಂದು ತುದಿಯಿಂದ ಇನ್ನೊಂದಕ್ಕೆ 10,000 ಕಿ.ಮೀ. ದಿನಕ್ಕೆ 40 ಕಿ.ಮೀ. ಕುದುರೆ ಸವಾರಿ ಅಂತ ಹಿಡಿದರೆ 250 ದಿನ. ಇದೇ ಲೆಕ್ಕದಲ್ಲಿ ನೀವು ಕಥೆ ಬರೆದಿದ್ದೀರಿ. ನಾಯಕಿ ಸುದ್ದಿ ತಲುಪಿಸೋಕೆ ಎಂಟು ತಿಂಗಳು ಬೇಕು, ಅಷ್ಟರಲ್ಲಿ ಅತ್ತ ಯುದ್ಧ ಮುಗಿದುಹೋಗಿರುತ್ತೆ, ಅದೇ ಕಥೆಯ ದುರಂತ.

ಗ್ಲೋಬಿಗೆ ಸುತ್ತಿದ ಕೂಡಲೇ ಆ 10,000 ಕಿ.ಮೀ. ಸುಮಾರು 2,600ಕ್ಕೆ ಇಳಿಯುತ್ತೆ. ಅಷ್ಟೇ ಅಲ್ಲ, ನೇರ ಪೂರ್ವಕ್ಕೆ ಹೋಗೋ ಬದಲು ಸ್ವಲ್ಪ ಉತ್ತರಕ್ಕೆ ಬಾಗಿ ಹೋದರೆ ಇನ್ನೂ ಹತ್ತಿರ, ಸುಮಾರು 2,350. ನಾಯಕಿ ಎರಡು ತಿಂಗಳಲ್ಲಿ ಊರು ಸೇರ್ತಾಳೆ, ಯುದ್ಧ ನಿಲ್ಲಿಸ್ತಾಳೆ. ನಿಮ್ಮ ದುರಂತ ಹೋಯ್ತು.

ಬಾಗಿ ಹೋದರೆ ಹತ್ತಿರ ಅನ್ನೋದು ವಿಚಿತ್ರ ಅನ್ನಿಸಿದರೆ ನಮ್ಮ ಏರ್‌ಪೋರ್ಟನ್ನೇ ನೋಡಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡ್ತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಆ ವಿಮಾನವನ್ನ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದು ಜನವರಿ 11ಕ್ಕೆ ಇಲ್ಲಿ ಇಳಿಸಿತು. ಸುಮಾರು 14,000 ಕಿ.ಮೀ. ಎರಡಕ್ಕೊಂದು ಮ್ಯಾಪಿನಲ್ಲಿ ಈ ಎರಡು ಊರಿನ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರೇಬಿಯಾ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತೆ. ಧ್ರುವದ ಸುದ್ದಿಯೇ ಇಲ್ಲ. ಗ್ಲೋಬಿನ ಮೇಲೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿದರೆ ತಾನಾಗೇ ಧ್ರುವದ ಪಕ್ಕ ಹೋಗಿ ಕೂರುತ್ತೆ. ಯಾಕಂದ್ರೆ ಎರಡೂ ಊರು ರೇಖಾಂಶದಲ್ಲಿ ಹೆಚ್ಚುಕಡಿಮೆ ಎದುರುಬದುರು ಇವೆ.

ಸರಿ, ಹಾಗಾದ್ರೆ ನಿಮ್ಮ ಮ್ಯಾಪು ಎಷ್ಟು ದೊಡ್ಡದು? ಇಡೀ ಗ್ರಹವೋ, ಒಂದು ಖಂಡವೋ, ಒಂದು ಜಿಲ್ಲೆಯೋ? ಹೆಚ್ಚಿನವರು ಇದನ್ನ ಕೇಳಿಕೊಂಡೇ ಇರಲ್ಲ. ಹಾಳೆ ತುಂಬ ಬರೆದಿದ್ದೀವಿ, ಹಾಗಾಗಿ ಅದೇ ಇಡೀ ಲೋಕ ಅಂತ ಚೆಂಡಿಗೆ ಸುತ್ತಿಬಿಡ್ತಾರೆ. ಅಸಲಿ ಭೂಮಿಗೂ ಇದೇ ಪ್ರಶ್ನೆ ಕೇಳಿದ್ದರು, ಅದೂ ನಮ್ಮ ಬೆಂಗಳೂರಿನ ಪೂರ್ವಭಾಗದಲ್ಲೇ ನಿಂತು.

1800ನೇ ಇಸವಿ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬಿದ್ದು ಒಂದು ವರ್ಷ ಆಗಿತ್ತು. ಕಂಟೋನ್ಮೆಂಟ್ ಇನ್ನೂ ಹುಟ್ಟಿರಲಿಲ್ಲ. ಗೆದ್ದ ನೆಲವನ್ನ ಸರಿಯಾಗಿ ಅಳೆಯೋದು ಬ್ರಿಟಿಷರಿಗೆ ಬೇಕಿತ್ತು, ಕಂದಾಯಕ್ಕೆ, ಸೈನ್ಯ ಸಾಗಿಸೋಕೆ, ಆಳೋಕೆ. ಅವರ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್‌ಗೆ ಮಾತ್ರ ಇನ್ನೂ ದೊಡ್ಡ ಹುಚ್ಚು. ನೆಲದ ಜೊತೆಗೆ ಭೂಮಿಯ ಬಾಗನ್ನೂ ಅಳೀಬೇಕು ಅಂತ ಹೊರಟ. ಆ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಗರ ಮತ್ತು ಬಾಣಸವಾಡಿಯ ನಡುವೆ ಒಂದು ನೇರ ಗೆರೆ ಅಳೆದ. ಉದ್ದ ಏಳೂವರೆ ಮೈಲಿಗೆ ಚೂರು ಕಡಿಮೆ, ಅಂದ್ರೆ ಸುಮಾರು 12 ಕಿ.ಮೀ. ಇವತ್ತಿನ ಮ್ಯಾಪಿನಲ್ಲಿ ಆ ಎರಡು ಊರಿನ ನಡುವೆ ಗೆರೆ ಎಳೆದರೆ ಅದು ದೊಮ್ಮಲೂರು, ಇಂದಿರಾನಗರದ ಆಸುಪಾಸಲ್ಲೇ ಹಾದುಹೋಗುತ್ತೆ.

ಅಳೆದದ್ದು 100 ಅಡಿ ಉದ್ದದ ಒಂದು ಉಕ್ಕಿನ ಸರಪಳಿಯಿಂದ. ಸರಪಳಿಗೂ ಒಂದು ಕಥೆ ಇದೆ. ಚೀನಾದ ಚಕ್ರವರ್ತಿಗೆ ಕಾಣಿಕೆ ಅಂತ ಇಂಗ್ಲೆಂಡಿನಿಂದ ಒಯ್ದದ್ದು, ಅಲ್ಲಿ ಬೇಡವಾಗಿ, ಕಲ್ಕತ್ತಾ ಮೂಲಕ ಕೊನೆಗೆ ಬೆಂಗಳೂರಿಗೆ ಬಂತು. ಅದನ್ನ ಸುಮಾರು 400 ಸಲ ಒಂದರ ಮುಂದೆ ಒಂದು ಇಡಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ಆ ಲೆಕ್ಕ ಬೇರೆ.

ಇಷ್ಟು ಕಷ್ಟಪಟ್ಟು ಒಂದೇ ಗೆರೆ ಯಾಕೆ? ಒಂದು ಗೆರೆಯ ಉದ್ದ ಪಕ್ಕಾ ಗೊತ್ತಿದ್ದರೆ, ಅದರ ಎರಡೂ ತುದಿಯಿಂದ ದೂರದ ಬೆಟ್ಟವನ್ನ ನೋಡಿ ಕೋನ ಅಳೆದರೆ ಸಾಕು, ತ್ರಿಕೋನದ ಉಳಿದ ಎರಡು ಬದಿ ಲೆಕ್ಕದಿಂದಲೇ ಬರುತ್ತೆ. ಆ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಸರಪಳಿ ಮುಟ್ಟದೆಯೇ ದೇಶ ದಾಟಬಹುದು. ಮೊದಲು ಅಳೆದ ಆ ಗೆರೆಯೇ ಬೇಸ್‌ಲೈನ್. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಇನ್ನೊಂದು ಬೇಸ್‌ಲೈನ್ ಅಳೆದು, ಅಲ್ಲಿಂದ ತ್ರಿಕೋನ ಕಟ್ಟಿಕೊಂಡು ಪಶ್ಚಿಮಕ್ಕೆ ಬಂದರು. ದಾರಿಯಲ್ಲಿ 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಸರಪಳಿ ಹಾಸಿ ಅಳೆದು ನೋಡಿದರೆ, ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ! ಮಂಗಳೂರು ಮುಟ್ಟಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಕರಾವಳಿಯಿಂದ ಕರಾವಳಿಗೆ 400 ಮೈಲಿ ಅಂತ ಹಳೇ ಮ್ಯಾಪುಗಳು ತೋರಿಸ್ತಿದ್ದ ಅಗಲ ನಿಜದಲ್ಲಿ ಸುಮಾರು 360. ಮ್ಯಾಪಿನಿಂದ 40 ಮೈಲಿ ಮಾಯ. ಇಲ್ಲದ ನೆಲವನ್ನ ಅಷ್ಟು ದಿನ ಬರೆದಿಟ್ಟುಕೊಂಡಿದ್ದರು.

ಈ ಗೆರೆ ನಮಗೆ ಎರಡು ವಿಷಯ ಹೇಳಿಕೊಡುತ್ತೆ. ಒಂದು, ಚಿಕ್ಕ ಜಾಗಕ್ಕೆ ಗ್ಲೋಬಿನ ಚಿಂತೆ ಬೇಡ. ಅಗರದಲ್ಲಿ ನಿಂತು ಪೂರ್ತಿ ಮಟ್ಟವಾಗಿ ಒಂದು ಲೇಸರ್ ಬಿಟ್ಟರೆ 12 ಕಿ.ಮೀ. ಆಚೆ ಬಾಣಸವಾಡಿಯಲ್ಲಿ ಭೂಮಿ ಅದರಿಂದ ಸುಮಾರು 11 ಮೀಟರ್ ಕೆಳಗೆ ಬಾಗಿರುತ್ತೆ. ಮೂರಂತಸ್ತಿನ ಮನೆಯಷ್ಟು. ಸರ್ವೆ ಮಾಡೋನಿಗೆ ಅದು ದೊಡ್ಡದು, ಮ್ಯಾಪ್ ಬರೆಯೋನಿಗೆ ಏನೂ ಅಲ್ಲ. ಗೋಳದ ಮೇಲೆ ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿಗಿಂತ ಹೆಚ್ಚಾಗುತ್ತೆ. ಆದರೆ ಎಷ್ಟು ಹೆಚ್ಚು? ಸುಮಾರು 200 ಚದರ ಕಿ.ಮೀ. ತ್ರಿಕೋನಕ್ಕೆ ಒಂದು ಡಿಗ್ರಿಯ 3,600ನೇ ಒಂದು ಭಾಗ. ನಿಮ್ಮ ಕಾಲ್ಪನಿಕ ಲೋಕ ಮಾಲ್ಗುಡಿಯಂಥ ಒಂದೇ ಊರಾದರೆ ಚಪ್ಪಟೆ ಮ್ಯಾಪೇ ಸಾಕು, ಗ್ಲೋಬ್ ಸುಮ್ಮನೆ ಶೋಕಿ.

ಎರಡನೇದು, ನಿಮ್ಮ ಮ್ಯಾಪಿಗೂ ಒಂದು ಬೇಸ್‌ಲೈನ್ ಬೇಕು. ಕಥೆಯಲ್ಲಿ ಬದಲಾಯಿಸೋಕೆ ಆಗದ ಒಂದು ದೂರ ಹುಡುಕಿ. ‘ರಾಜಧಾನಿಯಿಂದ ಬಂದರಿಗೆ ಕುದುರೆಯಲ್ಲಿ ಐದು ದಿನ’ ಅಂತ ಮೊದಲ ಅಧ್ಯಾಯದಲ್ಲೇ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ಐದು ದಿನ ಅಂದ್ರೆ 200 ಕಿ.ಮೀ. ಹಾಳೆಯ ಮೇಲೆ ಆ ದೂರ 2 ಸೆಂಟಿಮೀಟರ್. ಹಾಳೆ 30 ಸೆಂಟಿಮೀಟರ್ ಅಗಲ, 20 ಎತ್ತರ. ಅಂದ್ರೆ ನಿಮ್ಮ ಇಡೀ ಲೋಕ 3,000 ಕಿ.ಮೀ. ಅಗಲ, 2,000 ಕಿ.ಮೀ. ಎತ್ತರ. ಅದು ಲೋಕ ಅಲ್ಲ, ಒಂದು ಮಧ್ಯಮ ಗಾತ್ರದ ಖಂಡದ ತುಂಡು!

ಇದನ್ನ ಗ್ಲೋಬಿನ ಮೇಲೆ ಇಡೋಣ. ಉತ್ತರ-ದಕ್ಷಿಣ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಕರ್ನಾಟಕ ಮೇಲಿಂದ ಕೆಳಗೆ ಏಳು ಡಿಗ್ರಿ ಇದೆ, ಅಂದಾಜಿಗೆ ನೆನಪಿಟ್ಟುಕೊಳ್ಳಿ. 2,000 ಕಿ.ಮೀ.ಗೆ 18 ಡಿಗ್ರಿ. ಚಳಿಗಾಲ ಇರೋ ನಾಡು ಬೇಕಾದ್ರೆ 31ರಿಂದ 49 ಡಿಗ್ರಿ ಉತ್ತರಕ್ಕೆ ಇಡಿ. 4096 ಪಿಕ್ಸೆಲ್ ಅಗಲದ ಖಾಲಿ ಕ್ಯಾನ್ವಾಸಿನಲ್ಲಿ ನಿಮ್ಮ ಮ್ಯಾಪಿನ ಕೆಳಂಚು ಸುಮಾರು 360 ಪಿಕ್ಸೆಲ್, ಮೇಲಂಚು 470, ಎತ್ತರ ಬರೀ 205. ಮೇಲಂಚು ಅಗಲ ಯಾಕೆ ಅಂದ್ರೆ ಚೆಂಡಿಗೆ ಸುತ್ತಿದಾಗ ಅದು ಹೆಚ್ಚು ಕುಗ್ಗುತ್ತೆ, ಅದಕ್ಕೆ ಮುಂಚೆಯೇ ಅಷ್ಟು ಹಿಗ್ಗಿಸಿಡೋದು. ಜಿಂಪ್ ಅನ್ನೋ ಉಚಿತ ಸಾಫ್ಟ್‌ವೇರಿನ ಪರ್ಸ್‌ಪೆಕ್ಟಿವ್ ಟೂಲ್‌ನಲ್ಲಿ ನಾಲ್ಕು ಮೂಲೆ ಹಿಡಿದು ಎಳೆದರೆ ಆಯ್ತು. ಗಣಿತಕ್ಕೆ ಪೂರ್ತಿ ನಿಖರ ಅಲ್ಲ, ಕಣ್ಣಿಗೆ ಧಾರಾಳ ಸಾಕು.

ಆರು ತಿಂಗಳು ಕೂತು ಬರೆದ ಮ್ಯಾಪು ಗ್ಲೋಬಿನ ಮೇಲೆ ಅಂಚೆಚೀಟಿಯಷ್ಟು ಕಂಡಾಗ ಬೇಜಾರಾಗುತ್ತೆ, ನಿಜ. ದಾರಿ ಎರಡಿದೆ. ಉಳಿದ ಗ್ರಹವನ್ನ ಹೊಸದಾಗಿ ತುಂಬಿ, ಅಲ್ಲಿಗೆ ಯಾರೂ ಹೋಗಿಲ್ಲ ಅಂತಲೇ ಬರೀ ಸಮುದ್ರ, ಮಸುಕಾದ ಕರಾವಳಿ ಬಿಟ್ಟರೂ ನಡೆಯುತ್ತೆ. ನನಗೆ ಇದೇ ಇಷ್ಟ, ಏಳು ಸಮುದ್ರದಾಚೆ ಅನ್ನೋ ಮಾತಿಗೆ ಜಾಗ ಸಿಗುತ್ತೆ. ಇಲ್ಲವಾದರೆ ಗ್ರಹವನ್ನೇ ಚಿಕ್ಕದು ಮಾಡಿ. ಆಗ ಭೂಮಿಯ ಅರ್ಧ ಅಗಲದ ಗ್ರಹ, ಅದೇ ಸಾಂದ್ರತೆಯ ಕಲ್ಲುಮಣ್ಣಿಂದ ಆಗಿದ್ದರೆ, ಗುರುತ್ವವೂ ಅರ್ಧ ಆಗುತ್ತೆ. ನಿಮ್ಮ ಸೈನಿಕರು ಕೋಟೆ ಗೋಡೆ ಹಾರೋಕೆ ಶುರು ಮಾಡಿದರೆ ನನ್ನ ಕೇಳಬೇಡಿ.

ಇನ್ನು ಹೊಲಿಗೆ ಮತ್ತು ಗಂಟು. ಎಡಂಚು ಬಲಂಚು ಚೆಂಡಿನ ಹಿಂದೆ ಒಂದಕ್ಕೊಂದು ಸೇರುತ್ತವೆ. ಜಿಂಪ್‌ನಲ್ಲಿ ಆಫ್‌ಸೆಟ್ ಅನ್ನೋ ಆಯ್ಕೆಯಿಂದ ಚಿತ್ರವನ್ನ ಅರ್ಧ ಅಗಲ ಪಕ್ಕಕ್ಕೆ ಸರಿಸಿದರೆ ಆ ಹೊಲಿಗೆ ನಡುಮಧ್ಯಕ್ಕೆ ಬರುತ್ತೆ, ಅಲ್ಲಿ ಬ್ರಷ್ ಹಿಡಿದು ಸಮುದ್ರಕ್ಕೆ ಸಮುದ್ರ, ನೆಲಕ್ಕೆ ನೆಲ ಸೇರಿಸಿ, ಮತ್ತೆ ವಾಪಸ್ ಸರಿಸಿ. ಧ್ರುವಕ್ಕೆ ಸುಲಭ ಉಪಾಯ ಹಿಮ. ಮೇಲಿನ, ಕೆಳಗಿನ ಸಾಲುಗಳನ್ನ ಒಂದೇ ಬಿಳಿ ಬಣ್ಣದಲ್ಲಿ ತುಂಬಿಬಿಟ್ಟರೆ ಮುದುಡಿದ್ದು ಗೊತ್ತೇ ಆಗಲ್ಲ. ಧ್ರುವದಲ್ಲೂ ಊರು ಬೇಕೇ ಬೇಕು ಅನ್ನೋರು ಅದನ್ನ ಬೇರೆ ಹಾಳೆಯಲ್ಲಿ, ಮೇಲಿಂದ ನೋಡಿದ ಹಾಗೆ ದುಂಡಗೆ ಬರೆದು, ಜಿಂಪ್‌ನ ಪೋಲಾರ್ ಕೋಆರ್ಡಿನೇಟ್ಸ್ ಫಿಲ್ಟರಿನಿಂದ ಪಟ್ಟಿಯಾಗಿ ಬಿಚ್ಚಿ ಅಂಟಿಸಬೇಕು. ತಾಳ್ಮೆಯ ಕೆಲಸ. ಊರಿನ ಹೆಸರು, ದಿಕ್ಸೂಚಿ, ಹಾಳೆಯ ಅಲಂಕಾರದ ಅಂಚು, ಸಮುದ್ರದಲ್ಲಿರೋ ರಾಕ್ಷಸ ಮೀನು, ಎಲ್ಲವನ್ನೂ ಮೊದಲು ತೆಗೆದುಬಿಡಿ. ಅಕ್ಷರ ಚೆಂಡಿನ ಮೇಲೆ ಅಸಹ್ಯವಾಗಿ ಎಳೆದುಕೊಳ್ಳುತ್ತೆ.

ಕೊನೆಗೆ ತಿರುಗಿಸೋದು. ಜಿಂಪ್ 2.10ರಲ್ಲಿ ಫಿಲ್ಟರ್ಸ್, ಆ್ಯನಿಮೇಷನ್, ಸ್ಪಿನ್ನಿಂಗ್ ಗ್ಲೋಬ್ ಅಂತ ರೆಡಿ ಬಟನ್ನೇ ಇದೆ. ತಾನಾಗಿ 10 ಫ್ರೇಮ್ ಇಟ್ಟಿರುತ್ತೆ, ಅಂದ್ರೆ ಒಂದೊಂದು ಸಲಕ್ಕೆ 36 ಡಿಗ್ರಿ ಜಿಗಿಯುತ್ತೆ, ಕುಂಟಿದ ಹಾಗೆ ಕಾಣುತ್ತೆ. 60 ಕೊಟ್ಟರೆ 6 ಡಿಗ್ರಿ, ನೋಡಬಹುದು. ಮೊದಲ ಪ್ರಯತ್ನಕ್ಕೆ ಇದೇ ಸಾಕು. ಆದರೆ ಜಿಫ್ ಫೈಲಿನಲ್ಲಿ 256 ಬಣ್ಣ ಮಾತ್ರ, ನಿಮ್ಮ ಸಮುದ್ರದ ನೀಲಿ ಪಟ್ಟೆಪಟ್ಟೆ ಆಗುತ್ತೆ.

ಚೆಂದ ಬೇಕು ಅಂದ್ರೆ ಬ್ಲೆಂಡರ್, ಅದೂ ಉಚಿತ. ಯುವಿ ಸ್ಫಿಯರ್ ತಗೊಂಡು ಮೇಲ್ಮೈಗೆ ನಿಮ್ಮ ಚಿತ್ರ ಹಚ್ಚಿ. ಸೆಕೆಂಡಿಗೆ 24 ಫ್ರೇಮ್, 10 ಸೆಕೆಂಡಿಗೆ 240, ಪ್ರತಿ ಫ್ರೇಮಿಗೆ ಒಂದೂವರೆ ಡಿಗ್ರಿ. ಒಂದನೇ ಫ್ರೇಮಿಗೆ ಸೊನ್ನೆ ಡಿಗ್ರಿ, 241ನೇದಕ್ಕೆ 360 ಅಂತ ಗುರುತು ಹಾಕಿ, ರೆಂಡರ್ ಮಾತ್ರ 240ಕ್ಕೆ ನಿಲ್ಲಿಸಿ. 0 ಮತ್ತು 360 ಒಂದೇ ಚಿತ್ರ, ಎರಡೂ ಬಂದರೆ ಪ್ರತಿ ಸುತ್ತಿಗೂ ಒಂದು ಸಣ್ಣ ತಡವರಿಕೆ. ಇಂಟರ್‌ಪೊಲೇಷನ್ ಲೀನಿಯರ್ ಇರಲಿ, ಇಲ್ಲದಿದ್ದರೆ ಗ್ಲೋಬು ಸ್ಟಾಪಿನಲ್ಲಿ ನಿಂತು ಹೊರಡೋ ಬಿಎಂಟಿಸಿ ಬಸ್ ಥರ ನಿಧಾನ ಆಗಿ ಮತ್ತೆ ಓಡುತ್ತೆ. ಭೂಮಿ ಧ್ರುವದ ಕಡೆ ಚೂರು ಚಪ್ಪಟೆ ಅಲ್ವಾ, ಅದನ್ನೂ ಮಾಡಬೇಕಾ ಅಂತ ಕೇಳೋರಿಗೆ: 1,080 ಪಿಕ್ಸೆಲ್ ಗ್ಲೋಬಿನಲ್ಲಿ ಆ ವ್ಯತ್ಯಾಸ ನಾಲ್ಕು ಪಿಕ್ಸೆಲ್ಲೂ ಇಲ್ಲ. ಬಿಟ್ಟುಬಿಡಿ. ಅಕ್ಷವನ್ನ ಮಾತ್ರ ಓರೆ ಮಾಡಿ, ಭೂಮಿಯದು 23.4 ಡಿಗ್ರಿ. ನಿಮ್ಮ ಲೋಕದಲ್ಲಿ ಋತುಗಳು ಬದಲಾಗೋದಾದರೆ ಆ ಓರೆ ಬೇಕೇ ಬೇಕು.

ಯಾವ ಕಡೆ ತಿರುಗಬೇಕು? ತುಂಬ ವಿಡಿಯೋಗಳಲ್ಲಿ ಇದೇ ಉಲ್ಟಾ ಇರುತ್ತೆ. ಭೂಮಿ ತಿರುಗೋದು ಪಶ್ಚಿಮದಿಂದ ಪೂರ್ವಕ್ಕೆ. ಕೆ.ಆರ್. ಪುರಂ ತೂಗುಸೇತುವೆ ಹತ್ರ ಟ್ರಾಫಿಕ್ಕಲ್ಲಿ ಅಲ್ಲಾಡದೆ ನಿಂತಿದ್ದರೂ ನೀವು ಗಂಟೆಗೆ 1,600 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಹೋಗ್ತಾ ಇರ್ತೀರ. ದೋಣಿಯಲ್ಲಿ ಮುಂದೆ ಹೋಗೋನಿಗೆ ದಡದ ಮರ ಹಿಂದೆ ಹೋದ ಹಾಗೆ ಕಾಣುತ್ತೆ, ನಕ್ಷತ್ರಗಳು ಪಶ್ಚಿಮಕ್ಕೆ ಹೋಗೋದೂ ಹಾಗೇ ಅಂತ ಆರ್ಯಭಟ 499ರಲ್ಲೇ ಹೇಳಿದ್ದ. ಹೊರಗಿಂದ, ಉತ್ತರ ಮೇಲಿಟ್ಟು ನೋಡೋ ನಮಗೆ ನೆಲ ಎಡದಿಂದ ಬಲಕ್ಕೆ ಸರಿಯಬೇಕು. ಜಿಂಪ್‌ನ ಆ ಬಟನ್ನಿನಲ್ಲಿ ಇದಕ್ಕೆಂದೇ ಒಂದು ಟಿಕ್ ಇದೆ. ಬಲದಿಂದ ಎಡಕ್ಕೆ ಬಿಟ್ಟರೆ ನಿಮ್ಮ ಲೋಕದಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ. ಅದೇ ಬೇಕಾಗಿದ್ದರೆ ಹಾಗೇ ಇಡಿ, ಆದರೆ ಮೊದಲ ಅಧ್ಯಾಯದಲ್ಲಿ ನಾಯಕಿ ಯಾವ ಕಿಟಕಿಯಿಂದ ಬೆಳಗು ನೋಡ್ತಾಳೆ ಅಂತ ಒಮ್ಮೆ ತೆಗೆದು ಓದಿ.